ಕರಗಿದ್ದನ್ನು ಮತ್ತೆ ಇಡಬಾರದು

ಫ್ರೀಜರಿನ ತಳದಲ್ಲಿ ಅಂಟಿಕೊಂಡಿದ್ದ ಕವರೊಂದನ್ನು ತಂಗಿ ಕಿತ್ತು ತೆಗೆದು ಅಡುಗೆಕಟ್ಟೆಯ ಮೇಲೆ ಹಾಕಿದಳು. "ಇದೇನಕ್ಕ, ಬಟ್ಟೇನೂ ಫ್ರೀಜರಿಗೆ ಹಾಕೋಕೆ ಶುರು ಮಾಡಿದ್ದೀಯ? ಮುಂದಿನ ಸಲ ಬಂದಾಗ ಭಾವನ್ನೂ ಇಲ್ಲೇ ಹುಡುಕಬೇಕೇನೋ."

ಹಿಪ್ಪುನೇರಳೆ ಹಣ್ಣಿನ ತೊಟ್ಟು ಬಿಡಿಸುತ್ತಿದ್ದ ಅಕ್ಕನ ಕೈ ಹಾಗೇ ನಿಂತಿತು. ಹಿತ್ತಲಿನ ಮರ ಈ ವರ್ಷ ಯಾರೂ ತಿರುಗಿ ನೋಡದಿದ್ದರೂ ಹಣ್ಣು ಬಿಟ್ಟಿತ್ತು. ಅದು ನೆಲಕ್ಕೆ ಬಿದ್ದು ಹಾಳಾಗುವುದನ್ನು ಕಾಣಲಾರದೆ ತಂಗಿಯೇ ಬೆಳಿಗ್ಗೆ ಬಂದು ಆರಿಸಿ, ತೊಳೆದು, ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಹರಡಿದ್ದಳು. ಆ ತಟ್ಟೆಗೆ ಜಾಗ ಮಾಡಲು ಹೋಗಿ ಈ ಕವರು ಸಿಕ್ಕಿತ್ತು. ಮೇಲಿನ ಮಂಜನ್ನು ಅಂಗೈಯಿಂದ ಒರೆಸಿದಾಗ ಒಳಗಿನ ಹಳದಿ ಕಂಡಿತು. ತಂಗಿಯ ನಗು ನಿಂತುಹೋಯಿತು. ಅದು ಗುಬ್ಬಿಯ ಫ್ರಾಕು.

ಗುಬ್ಬಿ ಅಕ್ಕನ ಒಬ್ಬಳೇ ಮಗಳು. ಹೋಗಿ ವರ್ಷವಾಗುತ್ತ ಬಂದಿತ್ತು. ಅಕ್ಕನೂ ಗಂಡನೂ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಅತ್ತೆ, ಸೊಸೆಯ ಕಣ್ಣಿಗೆ ಬಿದ್ದರೆ ಸಂಕಟ ಎಂದು, ಮಗುವಿನ ಹಾಸಿಗೆ, ದಿಂಬು, ಬಟ್ಟೆ ಎಲ್ಲವನ್ನೂ ಸೋಪು ಹಾಕಿ ಒಗೆದುಬಿಟ್ಟಿದ್ದರು. ಬಾಗಿಲ ಹಿಂದೆ ಬಿದ್ದಿದ್ದ ಈ ಫ್ರಾಕು ಮಾತ್ರ ಅವರ ಕಣ್ಣು ತಪ್ಪಿಸಿತ್ತು. ಅಕ್ಕ ಯಾರಿಗೂ ಹೇಳದೆ ಅದನ್ನು ಪುದೀನ ಎತ್ತಿಡುವ ಹಾಗೆಯೇ ಎತ್ತಿಟ್ಟಳು. ಮಡಿಸಿ ಜಿಪ್ ಕವರಿಗೆ ಹಾಕಿದಳು, ಮೂಲೆಯಲ್ಲಿ ಸ್ಟ್ರಾ ತೂರಿಸಿ ಗಾಳಿಯನ್ನೆಲ್ಲ ಬಾಯಿಂದ ಹೀರಿದಳು, ಸ್ಟ್ರಾ ಎಳೆದು ಕವರಿನ ಬಾಯಿ ಒತ್ತಿದಳು. ಸೊಪ್ಪು ಕಪ್ಪಾದರೂ ಘಮ ಉಳಿಯುತ್ತದೆ ಎಂಬುದು ಅವಳ ಕೈಗೆ ಗೊತ್ತಿತ್ತು. ಏನನ್ನಾದರೂ ಉಳಿಸಿಕೊಳ್ಳುವ ಬೇರೆ ದಾರಿ ಅವಳಿಗೆ ಗೊತ್ತಿರಲಿಲ್ಲ.

ಇಲ್ಲಿಯವರೆಗೆ ಅದನ್ನು ಬಿಚ್ಚಿರಲಿಲ್ಲ. ಗಂಡ ಮನೆಯಲ್ಲಿಲ್ಲದಾಗ ಫ್ರೀಜರಿನ ಬಾಗಿಲು ತೆಗೆದು, ಕವರಿನ ಮೇಲೆ ಕೈಯಿಟ್ಟು, ಬೆರಳು ಮರಗಟ್ಟುವವರೆಗೆ ನಿಂತು, ಮತ್ತೆ ಮುಚ್ಚುತ್ತಿದ್ದಳು. ಇನ್ನು ನನ್ನಿಂದ ಆಗುವುದೇ ಇಲ್ಲ ಅನ್ನಿಸುವ ದಿನ ಒಂದು ಬರುತ್ತದೆ, ಅವತ್ತಿಗಿರಲಿ ಎಂದುಕೊಂಡಿದ್ದಳು.

ತಟ್ಟೆಯಲ್ಲಿ ಹರಡಿದ್ದ ಹಣ್ಣನ್ನೇ ತಂಗಿ ಒಂದೊಂದಾಗಿ ಮತ್ತೆ ಸರಿಸಿಟ್ಟಳು. ಕೊನೆಗೆ, "ವಾಪಸ್ ಒಳಗಿಡ್ತೀನಿ ತಾಳು," ಎಂದು ಕವರನ್ನು ಎತ್ತಿದಾಗ ಅದು ಅವಳ ಕೈಯಲ್ಲಿ ಮೆತ್ತಗೆ ಬಾಗಿತು. ಕಟ್ಟೆಯ ಮೇಲೆ ನೀರು ಹರಡಿತ್ತು.

"ಬೇಡ," ಎಂದಳು ಅಕ್ಕ. "ಕರಗಿದ್ದನ್ನ ಮತ್ತೆ ಇಡಬಾರದು." ತಂಗಿಗೆ ಈ ಮಾತನ್ನು ಎಷ್ಟೋ ಸಲ ಬೈದು ಕಲಿಸಿದವಳು ಅವಳೇ.

ಕೈಗಂಟಿದ್ದ ಹಣ್ಣಿನ ರಸವನ್ನು ಸೋಪು ಹಾಕಿ ತೊಳೆದಳು. ಸೋಪಿನ ವಾಸನೆ ಎಲ್ಲಿ ಬೆರೆತೀತೋ ಎಂದು ಬರೀ ನೀರಿನಲ್ಲಿ ಇನ್ನೊಮ್ಮೆ ತೊಳೆದಳು. ಕವರನ್ನು ತೆರೆಯಲು ಅದರ ಬಾಯಿಯುದ್ದಕ್ಕೂ ಬೆರಳಾಡಿಸಿದಳು. ಮೂಲೆಯಲ್ಲಿ ಬೆರಳು ಒಂದು ಕ್ಷಣ ತಡೆಯಿತು. ಆಮೇಲೆ ಫ್ರಾಕನ್ನು ಹೊರತೆಗೆದು ಮುಖಕ್ಕೆ ಒತ್ತಿಕೊಂಡಳು. ತಲೆಗೆ ಹಚ್ಚುತ್ತಿದ್ದ ಎಣ್ಣೆ, ಕತ್ತಿನ ಬೆವರು, ಎದೆಯ ಮೇಲೆ ಚೆಲ್ಲಿಕೊಂಡ ಹಾಲಿನ ಕಮಟು. ಒಂದೊಂದನ್ನೇ ಹುಡುಕುವಂತೆ ಕಣ್ಣು ಮುಚ್ಚಿ ಉಸಿರೆಳೆದಳು. ತೋಳಿನ ಹತ್ತಿರ ಹುಡುಕಿದಳು. ಮತ್ತೆ ಕತ್ತಿನ ಹತ್ತಿರ.

"ಸಿಕ್ತಾ ಅಕ್ಕ?"

ಅಕ್ಕ ಫ್ರಾಕನ್ನು ಅವಳ ಕಡೆ ಚಾಚಿದಳು. ತಂಗಿ ಬಗ್ಗಿ ಮೂಸಿದಳು. ಸಬ್ಬಸಿಗೆ ಸೊಪ್ಪಿನ ಘಾಟು. ಎಲ್ಲೆಲ್ಲೂ ಅದೇ.

ಆಗ ತಂಗಿಗೆ ನೆನಪಾಯಿತು. ಮಗು ತೀರಿಕೊಂಡ ವಾರ ಈ ಮನೆಯಲ್ಲಿ ಏನು ಮಾಡಬೇಕೆಂದು ತೋಚದೆ, ಹಿತ್ತಲಿನಲ್ಲಿ ಬಲಿಯುತ್ತಿದ್ದ ಸಬ್ಬಸಿಗೆಯನ್ನೆಲ್ಲ ಕೊಯ್ದು, ತೆಳು ಕವರಿಗೆ ಗಂಟು ಹಾಕಿ ಫ್ರೀಜರಿಗೆ ತುರುಕಿ ಹೋಗಿದ್ದಳು. ಅದೀಗಲೂ ಅಲ್ಲೇ ಇತ್ತು, ಫ್ರಾಕು ಇದ್ದ ಜಾಗದ ಮೇಲೇ. "ನನ್ನಿಂದ್ಲೇ ಆಗಿದ್ದು ಅಕ್ಕ. ಯಾರು ಕೇಳಿದ್ರು ನನ್ನ, ಸೊಪ್ಪು ಕೊಯ್ಯಿ ಅಂತ."

"ನೀನಲ್ಲ," ಎಂದು ಅಕ್ಕ ಖಾಲಿ ಕವರಿನ ಮೂಲೆ ತೋರಿಸಿದಳು. "ಸ್ಟ್ರಾ ಎಳೆದ ಮೇಲೆ ಇಲ್ಲಿ ಒತ್ತಬೇಕಿತ್ತು. ಸ್ಟ್ರಾದಷ್ಟೇ ಬಿಟ್ಟಿದ್ದೀನಿ ನೋಡು. ಅವತ್ತು ಕೈ ನಿಲ್ತಿರಲಿಲ್ಲ."

ತಟ್ಟೆಯ ಹಣ್ಣು ಅಲ್ಲೇ ರಸ ಬಿಡುತ್ತಿತ್ತು. ಅಕ್ಕ ಫ್ರಾಕನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು. ಅದರ ಒದ್ದೆ ಸೊಂಟಪಟ್ಟಿಯನ್ನು ನೇರ ಮಾಡಿದಳು, ಗುಂಡಿ ಹಾಕಿದಳು. ಆಮೇಲೆ ತೆರೆದಿದ್ದ ಹಿತ್ತಲ ಬಾಗಿಲ ಕಡೆ ನೋಡುತ್ತ, ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು:

"ತಟ್ಟೇಲಿ ಒಂದೆಳೆ ಸಬ್ಬಸಿಗೆ ಕಂಡ್ರೆ ಸಾಕು, ಮೂಗು ಹಿಡ್ಕೊಂಡು ಆಚೆ ಓಡ್ಹೋಗ್ತಿದ್ಲು ಕಣೇ."