ವಾರಿಜಾ ಮೇಡಂ ಪಕ್ಕದ ಜಾಗ

ಇವತ್ತು ಬೇಸಿಗೆ ಸಂಶೋಧನಾ ತರಬೇತಿಯ ಕೊನೆಯ ದಿನ. ಎರಡನೇ ವರ್ಷದ ಬಿಎಸ್ಸಿ ಹುಡುಗಿ ಇಂಚರಾಳಿಗೆ ಕಳೆದ ವಾರ ದ್ರಾವಣ ಬೆರೆಸುವುದನ್ನು ಕಲಿಸಿದೆ. ಅಂದಿನಿಂದ ಅದು ನನಗೆ ಬರುವುದಿಲ್ಲ. ಕಲಿಸಿದ್ದು ಕಲಿಸಿದವರಲ್ಲಿ ಉಳಿಯುವುದಿಲ್ಲವಲ್ಲ. ವಿದ್ಯೆ ಕಾಲೇಜಿನಲ್ಲೇ ಉಳಿಯಲೆಂದು, ನನ್ನಂತೆ ಪದವಿ ಮುಗಿಸಿದವರು ಕಿರಿಯರೊಬ್ಬರಿಗೆ ಎಲ್ಲವನ್ನೂ ಕಲಿಸಿಯೇ ಕಾಲೇಜು ಬಿಡಬೇಕೆಂಬ ನಿಯಮ.

ನನ್ನಲ್ಲಿ ಉಳಿದಿದ್ದದ್ದು ಸೂಕ್ಷ್ಮದರ್ಶಕದಲ್ಲಿ ನೋಡುವುದೊಂದೇ. ಈರುಳ್ಳಿ ಬೇರಿನ ಸ್ಲೈಡಿನಲ್ಲಿ ಒಂದು ಕೋಶ ಎರಡಾಗುವ ಬದಲು ಮೂರಾಗುತ್ತಿತ್ತು. ಯಾಕೆಂದು ತಿಳಿಯುವವರೆಗಾದರೂ ಇದೊಂದನ್ನು ನನಗೇ ಬಿಡಿ ಎಂದು ವಿಭಾಗದವರನ್ನು ಕೇಳಬೇಕೆಂದುಕೊಂಡಿದ್ದೆ. ಎಂದಿನಂತೆ ಕೇಳದೆಯೇ ಇಂಚರಾಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ.

"ನಿಧಾನಕ್ಕೆ ಕಲಿಸಿ ಅಕ್ಕಾ, ನಂಗೇನೂ ಅರ್ಜೆಂಟಿಲ್ಲ" ಎಂದಳು ಇಂಚರಾ.

ನಿಧಾನವಾಗಿಯೇ ಕಲಿಸಿದೆ. ಆದರೆ ಅವಳು ಚುರುಕು.

"ಅಯ್ಯೋ, ಇಲ್ನೋಡಿ! ಇದೊಂದು ಮೂರಾಗ್ತಿದೆ!"

ಬಗ್ಗಿ ನೋಡಿದೆ. ಬರೀ ಕೆಂಪು ಕಲೆಗಳು.

"ಯಾವುದು? ಎಲ್ಲಿ?"

ಅವಳ ನಗು ನಿಂತಿತು. "ಬಿಡಿ ಅಕ್ಕಾ. ಇನ್ಮೇಲೆ ನಾನೇ ನೋಡ್ಕೋತೀನಿ."

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ, ನನಗೆ ಇದನ್ನೆಲ್ಲ ಕಲಿಸಿದ್ದ ವಾರಿಜಾ ಮೇಡಂ ಫಿಲ್ಟರ್ ಪೇಪರ್ ಮಡಚುತ್ತ ಕೂತಿದ್ದರು. ದಿನವೂ ಅಲ್ಲೇ ಕೂರುತ್ತಾರೆ. ನನ್ನ ಮುಖ ನೋಡಿ, ಸರಿದು ಜಾಗ ಬಿಟ್ಟರು.

ಕೂತೆ. ಕೈ ಖಾಲಿ ಅನಿಸಿ ಒಂದು ಪೇಪರ್ ಎತ್ತಿಕೊಂಡೆ.

ಮೇಡಂ ಅದನ್ನು ಕಿತ್ತುಕೊಂಡು, ಉಳಿದದ್ದನ್ನೆಲ್ಲ ಸೆರಗಿನಲ್ಲಿ ಮುಚ್ಚಿಕೊಂಡರು.

"ಇದನ್ನ ಮಾತ್ರ ಹೇಳ್ಕೊಡು ಅನ್ಬೇಡ ಕಣೆ" ಎಂದರು. "ನಂಗೆ ಬರೋದು ಇದೊಂದೇ."