ತೂಕದಮ್ಮ ಹೇಳಿದ ಅಂಕಿ

ಯಂತ್ರ ಶುರುವಾಗುವ ಮೊದಲೇ ಅವಳು ಅಂಕಿ ಹೇಳಿಬಿಟ್ಟಳು. ಮೂವತ್ತೆಂಟು ಮಿಲಿಗ್ರಾಂ ಸವೆಯುತ್ತೆ, ಅಂದಳು. ಹತ್ತು ನಿಮಿಷ ಮರಳು ಬಡಿಸಿ ಕರಿ ತುಂಡನ್ನು ತಕ್ಕಡಿಗಿಟ್ಟರೆ, ಸವೆದದ್ದು ಸರಿಯಾಗಿ ಅಷ್ಟೇ.

ಕಳ್ಳಿ ಸಿಕ್ಕಿಬಿದ್ದಳು ಅಂದುಕೊಂಡ ಪ್ರಯೋಗಾಲಯದ ನಿರ್ದೇಶಕ.

ಆ ತುಂಡು ಅವನ ಹೆಮ್ಮೆ. ರಾಳಕ್ಕೆ ಕಾರ್ಬನ್ ನಾರು ಬೆರೆಸಿ ಮಾಡಿದ ಹಾಳೆ. ಉಕ್ಕಿಗಿಂತ ಹಗುರ, ಅವನ ಭಾಷಣಗಳನ್ನು ನಂಬುವುದಾದರೆ ಸವೆತವೆಂಬುದನ್ನೇ ಅರಿಯದ್ದು. ಸಿಮೆಂಟ್ ಕಾರ್ಖಾನೆಯೊಂದರಲ್ಲಿ ದೂಳು ಎಳೆಯುವ ದೈತ್ಯ ಫ್ಯಾನಿಗೆ ಇದರದೇ ರೆಕ್ಕೆ ಎಂದು ಮಾತಾಗಿತ್ತು. ಬಾಕಿ ಇದ್ದದ್ದು ಮರಳಿನ ಪರೀಕ್ಷೆ; ಹತ್ತು ಮಿಲಿಗ್ರಾಂಗಿಂತ ಹೆಚ್ಚು ಸವೆದರೆ ತುಂಡು ಸೋತಂತೆ. ಅದನ್ನು ಮಾಡುವವಳು ಅವನ ಹೆಂಡತಿಯ ಅಕ್ಕ.

ಪ್ರಯೋಗಾಲಯದವರು ಅವಳನ್ನು ತೂಕದಮ್ಮ ಅನ್ನುತ್ತಿದ್ದರು. ತುಂಡನ್ನು ಒರೆಸು, ತೂಗು, ಮರಳು ಬಡಿಸು, ಮತ್ತೆ ತೂಗು. ಏನು ಓದಿಕೊಂಡವಳೆಂದು ಯಾರೂ ಕೇಳಿರಲಿಲ್ಲ. ಒಂದು ಕಾಲಕ್ಕೆ ಇಲ್ಲೇ ದೊಡ್ಡ ಹೆಸರು ಮಾಡಿದ್ದ ಅಪ್ಪನ ಮುಲಾಜಿಗೆ ಕೆಲಸ ಸಿಕ್ಕಿದೆ ಎಂದು ಮಾತ್ರ ಎಲ್ಲರಿಗೂ ಗೊತ್ತಿತ್ತು. ನಿರ್ದೇಶಕನ ಪಾಲಿಗೆ ಅವಳು ಮನೆಯಲ್ಲಿ ಅತ್ತಿಗೆ, ಇಲ್ಲಿ ತಕ್ಕಡಿಯ ಒಂದು ಬಿಡಿಭಾಗ.

ಹಿಂದಿನ ವಾರ ಅವಳು ಅವನ ಮನೆಗೇ ಹೋಗಿದ್ದಳು. ತಂಗಿ ಅಡುಗೆಮನೆಗೆ ಹೋಗುವುದನ್ನು ಕಾದು, ನಾರು ಅತಿಯಾಯಿತು ಎಂದಳು. ಮರಳು ನೇರ ಬಡಿದರೆ ರಾಳ ಕಿತ್ತುಹೋಗಿ ನಾರು ಪುಡಿಯಾಗುತ್ತದೆ, ಆ ಫ್ಯಾನಿನ ಬುಡದಲ್ಲಿ ಎಂಟು ಜನ ದುಡಿಯುತ್ತಾರೆ ಎಂದಳು. ತೂಗುವವರೂ ವಿಜ್ಞಾನ ಹೇಳಿಕೊಡುವ ಕಾಲ ಬಂತು ಎಂದು ಅವನು ನಕ್ಕ.

"ಈ ಮಿಶ್ರಣದ ಸೂತ್ರ ನಿಮ್ಮದೇ ತಾನೇ?" ಎಂದು ಅವಳು ಕೇಳಿದಾಗ ಮಾತ್ರ ಮುಖ ಗಂಟಿಕ್ಕಿಕೊಂಡು ಎದ್ದುಹೋದ. ನಿನ್ನ ಅಕ್ಕನಿಗೆ ಹೊಟ್ಟೆಕಿಚ್ಚು ಎಂದು ಹೆಂಡತಿಗೆ ತಿಳಿಸಿದ.

ಈಗ ಪತ್ತೇದಾರನೇ ಆದ. ಹೊಸ ಮರಳು ತರಿಸಿದ. ಬೇರೆ ವಿಭಾಗದಿಂದ ತಕ್ಕಡಿ ಹೊರಿಸಿಕೊಂಡು ಬಂದ. ತುಂಡುಗಳನ್ನು ತನ್ನ ಕಪಾಟಿನಲ್ಲಿಟ್ಟು ಬೀಗ ಜಡಿದು, ಬೀಗದ ಮೇಲೆ ಸಹಿ ಮಾಡಿದ ಚೀಟಿ ಅಂಟಿಸಿದ. ಮರಳು ಬಡಿಸಿದವನೂ ತೂಗಿದವನೂ ಅವನೇ. ಅವನ ಬಿಳಿ ಕೋಟು ದೂಳು ಕಂಡದ್ದು ಅದೇ ಮೊದಲು. ಮೂವತ್ತೆಂಟು ಬಂತು. ಇನ್ನೊಂದು ತುಂಡಿಗೆ ಮೂವತ್ತೊಂಬತ್ತು. ಹಾಗಾದರೆ ಯಂತ್ರವನ್ನೇ ಕೆಡಿಸಿದ್ದಾಳೆ ಎಂದು ತೀರ್ಮಾನಿಸಿದ. ತಾನೇ ತಪ್ಪಿರಬಹುದೆಂಬ ಯೋಚನೆ ಆ ತಲೆಯೊಳಗೆ ನುಸುಳಲು ಸಂದಿಯೇ ಇರಲಿಲ್ಲ.

ಕಾರ್ಖಾನೆಯ ಮುಖ್ಯ ಎಂಜಿನಿಯರನ್ನು ತಾನೇ ಕರೆಸಿ, ಅವರೆದುರು ಅವಳನ್ನು ನಿಲ್ಲಿಸಿದ. ಪರೀಕ್ಷೆಗೂ ಮೊದಲು ಫಲಿತಾಂಶ ಗೊತ್ತಿರುವುದು ಮೋಸ ಮಾಡುವವರಿಗೆ ಮಾತ್ರ ಎಂದ. ಸಂಬಂಧಿಕಳೆಂದು ಇಷ್ಟು ದಿನ ಸಹಿಸಿದೆ, ಇವತ್ತೇ ಕೆಲಸದಿಂದ ತೆಗೆಯುತ್ತೇನೆ ಎಂದ.

ಎಂಜಿನಿಯರ್ ಸಾವಧಾನದ ಮನುಷ್ಯರು. ಈ ಸೂತ್ರದಲ್ಲಿ ಬೇರೆ ಯಾರದಾದರೂ ಕೈ ಇದೆಯೇ ಎಂದು ಕೇಳಿದರು.

"ಯಾರದೂ ಇಲ್ಲ. ಮೂರು ವರ್ಷ ನಾನೊಬ್ಬನೇ ತಲೆ ಕೆಡಿಸಿಕೊಂಡು ಕಂಡುಹಿಡಿದದ್ದು."

ಅದನ್ನೇ ಬರೆದುಕೊಡಿ ಎಂದರು ಅವರು. ನಿರ್ದೇಶಕ ಬರೆದು, ಕಾಗದದ ಅರ್ಧ ತುಂಬುವಂಥ ಸಹಿ ಹಾಕಿದ.

ಆಮೇಲೆ ಎಂಜಿನಿಯರ್ ಅವಳತ್ತ ತಿರುಗಿ, ಅಂಕಿ ಮೊದಲೇ ಹೇಗೆ ತಿಳಿಯಿತು ಎಂದರು. ಅವಳು ತಂಗಿಯ ಗಂಡನ ಮುಖವನ್ನೇ ನೋಡಿದಳು, ಈಗಲಾದರೂ ಅವನೇ ಬಾಯಿಬಿಡಲಿ ಎಂಬಂತೆ. ಅವನು ಗಡಿಯಾರ ನೋಡಿಕೊಂಡ.

"ನೀವು ತವರಿನ ಅಟ್ಟದಿಂದ ಇಳಿಸಿಕೊಂಡು ಹೋದ ನೋಟ್‌ಬುಕ್ ಅಪ್ಪನದಲ್ಲ, ನನ್ನದು," ಎಂದಳು ತೂಕದಮ್ಮ. "ಓದೋವಾಗ ಇದೇ ಯಂತ್ರದಲ್ಲಿ ಮಾಡಿ ನೋಡಿದ್ದೆ. ಸೂತ್ರ ಇದ್ದ ಒಂದು ಪುಟ ನಕಲು ಮಾಡ್ಕೊಂಡ್ರಿ. ಪುಟ ಮಗುಚಿ ನೋಡಿದ್ರೆ, ಮೂವತ್ತೆಂಟು ಸವೆದು ಇದು ಸೋತಿದೆ ಅಂತ ನಾನು ಬರೆದದ್ದೂ ಕಾಣ್ತಿತ್ತು."