ಮೊಂಬಾಸಾದಿಂದ ಬಂದ ಪ್ರಶ್ನೆಗಳು

ಜಮಖಂಡಿಯ ಚನಮಲ್ಲಪ್ಪ ವಕೀಲರ ಮನೆಯ ಮೆಟ್ಟಿಲು ಹತ್ತಿದ ಸಿದ್ದಕ್ಕ, ಪಡಸಾಲೆಯ ಬೆಂಚಿನ ಮೇಲೆ ಕುಳಿತವಳನ್ನು ಕಂಡು ಹಾಗೆಯೇ ನಿಂತುಬಿಟ್ಟಳು. ಚಿಕ್ಕಪಡಸಲಗಿಯ ಹೊಳೆವ್ವ. ಸಿದ್ದಕ್ಕನ ತಮ್ಮ ಜಕ್ಕಪ್ಪನ ಹೆಂಡತಿ. ಹೆಂಡತಿ ಎಂದರೆ, ಅವನಿಗೆ ಹನ್ನೊಂದು, ಅವಳಿಗೆ ಐದು ವರ್ಷವಿದ್ದಾಗ ತಲೆಯ ಮೇಲೆ ಅಕ್ಕಿಕಾಳು ಬಿದ್ದದ್ದಷ್ಟೇ. ಅವಳು ದೊಡ್ಡವಳಾಗಿ ಗಂಡನ ಮನೆಗೆ ಬರುವ ಮೊದಲೇ ಜಕ್ಕಪ್ಪ ಮುಂಬೈಗೆ ಹೋಗಿ, ಅಲ್ಲಿಂದ ಹಡಗು ಹತ್ತಿ, ಆಫ್ರಿಕಾದ ಮೊಂಬಾಸಾದಲ್ಲಿ ರೇಲ್ವೆ ಫಿಟ್ಟರ್ ಆಗಿದ್ದ. ಅದಕ್ಕೀಗ ಹದಿನಾರು ವರ್ಷ.

ಸಿದ್ದಕ್ಕನ ಬಗಲಲ್ಲಿ ಅರಿವೆಯಲ್ಲಿ ಸುತ್ತಿದ ಅವನ ಕಾಗದವಿತ್ತು, ನಾಲ್ಕು ಹಾಳೆ. ರಜೆ ಮಂಜೂರಾಗಿದೆ, ಊರಿಗೆ ಬರಬೇಕು. ಆದರೆ ಹಡಗಿನ ಟಿಕೀಟು ತೆಗೆಸುವ ಮೊದಲು ವಕೀಲರನ್ನು ಕೇಳಿ ತಿಳಿಸು ಎಂದು ಬರೆದಿದ್ದ. ಕೇಳಬೇಕಾದ ಪ್ರಶ್ನೆಗಳಿಗೆ ನಂಬರು ಹಾಕಿದ್ದ. ವಕೀಲರು ತಿರುಗಿ ಏನು ಕೇಳಬಹುದೆಂದು ಊಹಿಸಿ ಅದಕ್ಕೂ ಉತ್ತರ ಬರೆದಿದ್ದ. ಮದುವೆ ಯಾವ ವರ್ಷವಾಯಿತು, ಮುಂದೆ ನಿಂತು ಮಾಡಿಸಿದವರು ಯಾರು, ಅವರಲ್ಲಿ ಬದುಕಿರುವವರೆಷ್ಟು ಮಂದಿ ಎಂಬುದನ್ನು ಮಾತ್ರ ಅಕ್ಕನೇ ವಿಚಾರಿಸಿಕೊಂಡು ಹೋಗಬೇಕಿತ್ತು. ಸಿದ್ದಕ್ಕ ಸಾವಳಗಿಯ ಸಾಲಿ ಮಾಸ್ತರರಿಂದ ಕಾಗದವನ್ನು ಮೂರು ಸಲ ಓದಿಸಿಕೊಂಡು, ಹದಿನೈದು ದಿನ ಊರೂರು ತಿರುಗಿ ಹೆಸರು ಕೂಡಿಸಿದ್ದಳು.

ಈಗ ನೋಡಿದರೆ ಇವಳು ಇಲ್ಲಿ. ಖಟ್ಲೆ ಹಾಕಲಿಕ್ಕೇ ಬಂದಿದ್ದಾಳೆ ಎಂದುಕೊಂಡಳು ಸಿದ್ದಕ್ಕ. ಹಿಂದಿರುಗಬೇಕು ಎನ್ನುವಷ್ಟರಲ್ಲಿ ವಕೀಲರು ಒಳಗಿನಿಂದ ಕರೆದರು.

ಅವರು ಕನ್ನಡಕ ಏರಿಸಿ ಕಾಗದವನ್ನು ಓದಿದರು. "ಒಂದು: ನನ್ನ ಮದುವೆ ಸಂಸ್ಥಾನದ ಕಾಲದ್ದು. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ಆರು ವರ್ಷವಾಯಿತೆಂದು ಕೇಳಿದೆ. ಈಗ ನನಗೆ ಯಾರ ಕಾನೂನು? ಎರಡು: ಹೆಂಡತಿ ಇರುವಾಗ ಇನ್ನೊಬ್ಬಳನ್ನು ಮದುವೆಯಾದರೆ ಮುಂಬೈ ಸರಕಾರದಲ್ಲಿ ಜೇಲಾಗುತ್ತದೆಂದು ಇಲ್ಲಿಯ ಗುಮಾಸ್ತರು ಹೇಳುತ್ತಾರೆ, ಖರೆಯೇ?" ಮೂರನೆಯದಕ್ಕೆ ಬಂದಾಗ ಅವರು ದನಿ ತಗ್ಗಿಸಿದರು. "ನನ್ನ ಜೊತೆಗಿದ್ದ ರತ್ನಾಗಿರಿಯವನೊಬ್ಬ ತೀರಿಕೊಂಡ. ಅವನ ಹೆಂಡತಿ ಶೇವಂತಿಯನ್ನು ಮದುವೆಯಾಗಬೇಕೆಂದಿದ್ದೇನೆ. ಇನ್ನೂ ಆಗಿಲ್ಲ. ಹೊಳೆವ್ವನಿಗೆ ಅನ್ಯಾಯವಾಗದ ಹಾಗೆ ಏನು ಮಾಡಬೇಕೋ ತಿಳಿಸಿರಿ."

"ಶಾಣ್ಯಾ ಅದಾನ," ಎಂದರು ವಕೀಲರು. "ಮಂದಿ ಮಾಡಿ ಬಂದು ಕೇಳ್ತಾರ, ಇಂವ ಕೇಳಿ ಮಾಡಾಕತ್ತಾನ."

"ಜೇಲ್ ಆಕ್ಕೈತೇನ್ರಿ?"

"ಈಗ ಇಲ್ಲಿ ಮುಂಬೈ ಸರಕಾರದ್ದ ಕಾನೂನು. ಮೊದಲಿನ ಸಂಬಂಧ ಬಿಡಿಸದ ಮಾಡಿಕೊಂಡ್ರ ಆಕ್ಕೈತಿ. ನಿಮ್ಮ ಮಂದ್ಯಾಗ ಸೋಡಚೀಟಿ ಬರದು ಕೊಟ್ಟು ಬಿಡಿಸೂ ಪದ್ಧತಿ ಐತಿ ಹೌದಿಲ್ಲೊ?"

"ಐತ್ರಿ. ಆದ್ರ ಹೆಂಡತಿ ಒಪ್ಪಬೇಕಲ್ರಿ. ಆಕಿ ಅಲ್ಲೇ ಹೊರಗ ಕುಂತಾಳ. ಖಟ್ಲೆ ಹಾಕಾಕ ಬಂದಿರಬೇಕು."

ವಕೀಲರು ಕಾಗದ ಕೆಳಗಿಟ್ಟು ನಕ್ಕರು. "ಆಕಿ ಇಲ್ಲಿಗೆ ಬರಾಕತ್ತಿ ವರ್ಷಾತು. ಯಾತಕ್ಕ ಅಂತ ಆಕೀನ ಹೇಳಲಿ." ಹೊಳೆವ್ವನನ್ನು ಒಳಗೆ ಕರೆದರು.

ಹೊಳೆವ್ವ ಬಾಗಿಲಲ್ಲೇ ನಿಂತು ಮಾತಾಡಿದಳು. "ನಾ ಯಾರ ಮ್ಯಾಲೂ ಖಟ್ಲೆ ಹಾಕಾಕ ಬಂದಿಲ್ರಿ ಅಕ್ಕಾರ. ನಮ್ಮೂರ ಕರೆಪ್ಪ, ಹೆಂಡತಿ ಸತ್ತಾಂವ, ನನ್ನ ಮಾಡಿಕೊಂತೇನಿ ಅಂದಾನ. ಸೋಡಚೀಟಿ ಇಲ್ಲದ ಹಿರೇರು ಒಪ್ಪವಲ್ರು. ಅದನ್ನ ಬರದು ಕೊಡಬೇಕಾದ ನಿಮ್ಮ ತಮ್ಮಾರು ಎಲ್ಲಿ ಅದಾರಂತ ಯಾರಿಗೂ ಗೊತ್ತಿಲ್ಲ. ನಮ್ಮಪ್ಪ ನಿಮ್ಮ ಮನಿಗೂ ಬಂದು ಕೇಳಿದ್ನಲ್ರಿ."

ಕೇಳಿದ್ದ. ಎರಡು ವರ್ಷದ ಹಿಂದೆ, ಬಾಗಿಲಲ್ಲಿ ನಿಂತು. ಬದುಕಿದ್ದಾನೋ ಇಲ್ಲವೋ ಅದೇ ಗೊತ್ತಿಲ್ಲ ಎಂದು ಸಿದ್ದಕ್ಕ ಅವನನ್ನು ಕಳಿಸಿಬಿಟ್ಟಿದ್ದಳು. ಆ ವಾರವೇ ಬಂದ ತಮ್ಮನ ಕಾಗದ ಆಗ ಗೋಡೆಯ ಗೂಡಿನಲ್ಲಿತ್ತು.

"ನನಗ ಗೊತ್ತಿತ್ತವಾ," ಎಂದಳು ಸಿದ್ದಕ್ಕ. "ನೀವು ಅವನ್ನ ಹಿಡಿಸಿ ತರಸ್ತೀರಂತ ಅಂಜಿ ಸುಳ್ಳ ಹೇಳಿದೆ."

"ಎರಡು ವರ್ಷ, ಅಕ್ಕಾರ," ಎಂದಳು ಹೊಳೆವ್ವ. ಆಮೇಲೆ ಬಂದು ಚಾಪೆಯ ಮೇಲೆ ಸಿದ್ದಕ್ಕನ ಪಕ್ಕದಲ್ಲೇ ಕುಳಿತಳು.

"ಇನ್ನ ಕೇಳ್ರಿ ಇಬ್ಬರೂ," ಎಂದರು ವಕೀಲರು. "ಕಾಗದ ನಾ ಬರದು ಕಳಸ್ತೇನಿ. ಅಂವ ಅಲ್ಲಿ ಮ್ಯಾಜಿಸ್ಟ್ರೇಟ್ ಮುಂದ ಸಹಿ ಮಾಡಿ ತಿರುಗಿ ಕಳಸ್ಲಿ. ಇಲ್ಲಿ ನಿಮ್ಮ ಹಿರೇರ ಮುಂದ ಓದಿಸಿ, ಹೊಳೆವ್ವ ಹೆಬ್ಬಟ್ಟು ಒತ್ತಿದ್ರ ಆತು. ಅಂವಗೂ ಬಿಡುಗಡಿ, ಈಕಿಗೂ ಬಿಡುಗಡಿ."

"ಹಂಗಾದ್ರ ನನ್ನ ತಮ್ಮ ಊರಿಗೆ ಬರಬೌದ್ರಿ?"

"ಟಿಕೀಟು ತಗಸು ಅಂತ ಬರಸವಾ. ಯಾರಿಗೂ ಅಂಜೂ ಕಾರಣಿಲ್ಲ."

ಸಿದ್ದಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಎಷ್ಟೋ ದಿನದಿಂದ ಸರಿಯಾಗಿ ಉಂಡಿರಲಿಲ್ಲ; ಈಗ ಒಮ್ಮೆಲೇ ಹಸಿವಾಯಿತು. ಬುತ್ತಿ ಬಿಚ್ಚಿ, ಎರಡು ರೊಟ್ಟಿ ತೆಗೆದು, ಒಂದನ್ನು ಹೊಳೆವ್ವನ ಕೈಯಲ್ಲಿಟ್ಟಳು. ಹೊಳೆವ್ವ ಇಸಿದುಕೊಂಡಳು.

ವಕೀಲರು ಹೊಸ ಹಾಳೆ ತೆಗೆದು ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿದರು. "ನಿನ್ನ ಬಾಯಿಲೇ ಬರಬೇಕವಾ. ಗಂಡನ ಹೆಸರು?"

ಹೆಂಡತಿ ಗಂಡನ ಹೆಸರು ಹಿಡಿದು ಹೇಳುವುದುಂಟೆ? ಸಿದ್ದಕ್ಕ ತಾನೇ ಹೇಳಲು ಬಾಯಿ ತೆರೆದಳು. ಹೊಳೆವ್ವ ಅವಳ ಮೊಣಕೈ ಮುಟ್ಟಿ ತಡೆದಳು.

"ಜಕ್ಕಪ್ಪ," ಎಂದಳು ಸ್ಪಷ್ಟವಾಗಿ. ಹೇಳಿದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ತಡೆಯಲಾರದೆ ನಕ್ಕುಬಿಟ್ಟಳು.